ಆರು ಲಕ್ಷಕ್ಕೆ ನಾಲ್ಕು

ಇ. ಕೋಲಿ ಬ್ಯಾಕ್ಟೀರಿಯದ ಗಾತ್ರ ಒಂದು ಘನ ಮೈಕ್ರೊಮೀಟರ್ ಎಂದಿಟ್ಟುಕೊಳ್ಳಿ. ಅದರೊಳಗೆ ಲೀಟರಿಗೆ ಒಂದು ಮಿಲಿಮೋಲ್ ಲೆಕ್ಕದಲ್ಲಿ ಮ್ಯಾಲೇಟ್ ಎಂಬ ಅಣು ಇದ್ದರೆ ಸುಮಾರು 6 ಲಕ್ಷ ಅಣುಗಳಾದವು. ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ಬಿಡಿಸಿಟ್ಟ ಸಿಟ್ರಿಕ್ ಆಮ್ಲ ಚಕ್ರದ ಕೊನೆಯ ಹೆಜ್ಜೆಯಲ್ಲಿ ಈ ಮ್ಯಾಲೇಟ್ ಆಕ್ಸಲೋಅಸಿಟೇಟ್ ಆಗಬೇಕು. ಅದು ಕಡಿದಾದ ಏರು: ಪ್ರಮಾಣಿತ ಸ್ಥಿತಿಯಲ್ಲಿ ಮೋಲಿಗೆ 29.7 ಕಿಲೋಜೂಲ್. ಜೊತೆಗಾರ ಅಣುವಾದ ಎನ್‌ಎಡಿಯ ಎರಡೂ ರೂಪಗಳು ಸಮಸಮವಾಗಿದ್ದರೆ, ಸಮತೋಲದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮ್ಯಾಲೇಟಿಗೆ ಒಂದೇ ಒಂದು ಆಕ್ಸಲೋಅಸಿಟೇಟ್. ಅಂದರೆ 6 ಲಕ್ಷಕ್ಕೆ ನಾಲ್ಕು!

ಎನ್‌ಎಡಿಯ ಅನುಪಾತ ಹತ್ತು ಪಟ್ಟು ಅನುಕೂಲವಾದರೂ ಆಕ್ಸಲೋಅಸಿಟೇಟ್ ನಲವತ್ತನ್ನು ದಾಟುವುದಿಲ್ಲ. ಹುಟ್ಟಿದ ಅಣುವನ್ನು ಮುಂದಿನ ಕಿಣ್ವ ತಕ್ಷಣ ಸಿಟ್ರೇಟಾಗಿಸಿ ಖಾಲಿ ಮಾಡುತ್ತಿರುವುದರಿಂದಲೇ ಈ ಏರು ಹತ್ತಲು ಸಾಧ್ಯ.

ನನ್ನನ್ನು ಇನ್ನೂ ಬೆರಗುಗೊಳಿಸುವುದು ಬೇರೆಯೇ. ಶಕ್ತಿಯ ಲೆಕ್ಕದಲ್ಲಿ ಮೋಲಿಗೆ 5.7 ಕಿಲೋಜೂಲ್ ತಪ್ಪಿದರೆ ಅಣುಗಳ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ. 17 ತಪ್ಪಿದರೆ ಸಾವಿರ ಪಟ್ಟು. ಒಂದು ಮೋಲ್ ಗ್ಲೂಕೋಸ್ ಪೂರ್ತಿ ಉರಿದರೆ ಬಿಡುಗಡೆಯಾಗುವ ಮುಕ್ತ ಶಕ್ತಿ ಸುಮಾರು 2,870 ಕಿಲೋಜೂಲ್. ಅದರ ಎದುರು 5.7 ಎಂದರೆ ಸಾವಿರಕ್ಕೆ ಎರಡು. ಅಷ್ಟು ಸಣ್ಣ ದೋಷ ನಾಲ್ಕನ್ನು ನಲವತ್ತಾಗಿಸುತ್ತದೆ, ಇಲ್ಲವೇ ಅರ್ಧ ಅಣುವಿಗಿಂತಲೂ ಕೆಳಗಿಳಿಸುತ್ತದೆ.

ಹಾಗಾದರೆ ಎಲ್ಲವನ್ನೂ ಅಳೆದುಬಿಡೋಣ ಎನ್ನುತ್ತೀರಾ? ಮನುಷ್ಯನ ಚಯಾಪಚಯದ 2018ರ ನಕ್ಷೆ ರೀಕಾನ್3ಡಿಯಲ್ಲಿ 13,543 ಕ್ರಿಯೆಗಳಿವೆ. ಕಿಣ್ವಗಳ ಕ್ರಿಯೆಗಳಲ್ಲಿ ಸಮತೋಲವನ್ನು ಪ್ರಯೋಗಾಲಯದಲ್ಲಿ ಅಳೆದು ಒಟ್ಟುಗೂಡಿಸಿರುವುದು ಸುಮಾರು 400ಕ್ಕೆ ಮಾತ್ರ. ಉಳಿದದ್ದಕ್ಕೆ ಅಂದಾಜೇ ಗತಿ. ಸಂಶೋಧಕ ಮವ್ರೊವುನಿಯೋಟಿಸ್ 1990ರ ಸುಮಾರಿಗೆ ರೂಪಿಸಿದ ಉಪಾಯ ಕಿರಾಣಿ ಅಂಗಡಿಯ ಚೀಟಿಯಂಥದ್ದು: ಅಣುವನ್ನು ಗುಂಪುಗಳಾಗಿ ಬಿಡಿಸಿ, ಒಂದು ಫಾಸ್ಫೇಟಿಗೆ ಇಷ್ಟು, ಒಂದು ಹೈಡ್ರಾಕ್ಸಿಲ್‌ಗೆ ಇಷ್ಟು ಎಂದು ಕೂಡಿಸುವುದು. ಅಕ್ಕಪಕ್ಕದ ಗುಂಪುಗಳು ಒಂದರ ಬೆಲೆಯನ್ನೊಂದು ಬದಲಿಸುವಲ್ಲಿ ಈ ಚೀಟಿ ಮೋಸ ಹೋಗುತ್ತದೆ. 2013ರಲ್ಲಿ ಎಲಾದ್ ನೂರ್ ಮತ್ತು ಸಂಗಡಿಗರು ಅಳತೆಯಿಂದ ಸಿಗುವ ಭಾಗವನ್ನು ಅಳತೆಯಿಂದಲೇ ತೆಗೆದುಕೊಂಡು, ಮಿಕ್ಕಿದ್ದಕ್ಕಷ್ಟೇ ಗುಂಪುಗಳ ಮೊರೆಹೋದರು. ಜೊತೆಗೆ ಪ್ರತಿ ಉತ್ತರದ ಪಕ್ಕದಲ್ಲಿ ಅದು ಎಷ್ಟು ಹೆಚ್ಚುಕಡಿಮೆ ಆಗಬಹುದೆಂದೂ ಬರೆದರು. ಇಂಥ ಪಟ್ಟಿ ಎಂದಾದರೂ ಕಣ್ಣಿಗೆ ಬಿದ್ದರೆ ಮೊದಲು ಆ ಎರಡನೆಯ ಸಂಖ್ಯೆಯನ್ನೇ ನೋಡಿ, ಅದು 5.7 ದಾಟಿದ್ದರೆ ಮೊದಲನೆಯದನ್ನು ಅಷ್ಟಾಗಿ ನೆಚ್ಚಬೇಡಿ.