ಒಂದು ದುಂಡು ದಪ್ಪಕ್ಷರದ ಸ್ವಭಾವ

ಪುಸ್ತಕದ ಒಳಪುಟದ ಅಕ್ಷರಕ್ಕೂ ಅಂಗಡಿಯ ಹಲಗೆಯ ಅಕ್ಷರಕ್ಕೂ ಧರ್ಮ ಬೇರೆ. ಮೊದಲನೆಯದು ತಾನು ಕಾಣಿಸಿಕೊಳ್ಳದೆ ಅರ್ಥವನ್ನು ದಾಟಿಸಬೇಕು. ಎರಡನೆಯದು ಹಾದಿಹೋಕನ ಅಂಗಿಯ ಚುಂಗು ಹಿಡಿದು ನಿಲ್ಲಿಸಬೇಕು. ಈ ಎರಡನೆಯ ಜಾತಿಗೆ ಸೇರಿದ ‘ಕೂಪರ್ ಬ್ಲ್ಯಾಕ್’ ಎಂಬ ರೋಮನ್ ಅಕ್ಷರಮಾದರಿ ಹುಟ್ಟಿ ನೂರು ವರ್ಷ ದಾಟಿದರೂ ಬಳಕೆಯಿಂದ ತಪ್ಪಿಹೋಗಿಲ್ಲ. ಅದರ ಆಯುಷ್ಯದ ಗುಟ್ಟನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದನ್ನು ರೂಪಿಸಿದವನು ಆಸ್ವಾಲ್ಡ್ ಕೂಪರ್ (1879–1940). ಅಮೆರಿಕದ ಒಹಾಯೋದಲ್ಲಿ ಹುಟ್ಟಿ, ಷಿಕಾಗೋ ನಗರಕ್ಕೆ ಬಂದು, ಫ್ರೆಡರಿಕ್ ಗೌಡಿಯ ಬಳಿ ಅಕ್ಷರವಿದ್ಯೆಯನ್ನು ಕಲಿತ. ಜಾಹೀರಾತುಗಳಿಗೆ ಕೈಯಿಂದ ಅಕ್ಷರ ಬರೆಯುವುದು ಅವನ ಕಸುಬು. ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆಯ ಕಾರ್ಖಾನೆ 1922ರಲ್ಲಿ ಇದನ್ನು ಎರಕ ಹೊಯ್ದು ಮಾರಾಟಕ್ಕಿಟ್ಟಿತು. ದೂರದೃಷ್ಟಿಯುಳ್ಳ ಮುದ್ರಕನಿಗೂ ಸಮೀಪದೃಷ್ಟಿಯುಳ್ಳ ಅವನ ಗಿರಾಕಿಗೂ ತಕ್ಕ ಅಕ್ಷರವೆಂಬ ವಿನೋದದ ಮಾತು ಇದರ ಬೆನ್ನಿಗೇ ನಡೆದು ಬಂದಿದೆ. ಮಡಿವಂತ ಮುದ್ರಕರು ಮೂಗು ಮುರಿದರು, ವ್ಯಾಪಾರಿಗಳು ಕೈಬಿಡಲಿಲ್ಲ.

ದಪ್ಪಕ್ಷರಗಳ ಸಾಮಾನ್ಯ ಸ್ವಭಾವ ಗದರಿಸುವುದು. ಇದು ಗದರಿಸುವುದಿಲ್ಲ, ಗಟ್ಟಿಯಾಗಿ ಮಾತನಾಡಿದರೂ ನಗುಮುಖದಿಂದಲೇ ಮಾತನಾಡುತ್ತದೆ. ಏಕೆಂದರೆ ಇದರ ಮೈಯಲ್ಲಿ ಚೂಪಾದ ಮೂಲೆಗಳಿಲ್ಲ. ರೋಮನ್ ಅಕ್ಷರಗಳ ತುದಿಯಲ್ಲಿ ಸೆರಿಫ್ ಎಂಬ ಚಾಚು ಇರುವುದನ್ನು ತಾವು ಬಲ್ಲಿರಿ. ಇಲ್ಲಿ ಅದು ನೀರಿನಲ್ಲಿ ನೆನೆದ ಕಾಳಿನಂತೆ ಉಬ್ಬಿ ದುಂಡಾಗಿದೆ. ‘ಓ’ಕಾರದ ಒಳಗಿನ ಪುಟ್ಟ ಬಿಳುಪು ತುಸು ಹಿಂದಕ್ಕೆ ವಾಲಿ, ಯಂತ್ರದ ಹಿಂದೆ ಮನುಷ್ಯನ ಕೈಯೊಂದಿತ್ತೆಂಬುದನ್ನು ನೆನಪಿಸುತ್ತದೆ. ಅಕ್ಷರದ ಪಾದಗಳು ಸಮತಟ್ಟಾಗಿಲ್ಲದೆ ಕೆಳಕ್ಕೆ ಬಾಗಿರುವುದರಿಂದ, ಜೋಡಣೆಯಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಕಣ್ಣಿಗೆ ಬೀಳುವುದಿಲ್ಲ. ಉಜ್ಜಿ ಅಂಟಿಸುವ ಅಕ್ಷರಹಾಳೆಗಳೂ ಬಟ್ಟೆಯ ಮೇಲೆ ಇಸ್ತ್ರಿಯಿಂದ ಒತ್ತುವ ಅಕ್ಷರಗಳೂ ಬಂದ 1960–70ರ ದಶಕಗಳಲ್ಲಿ ಈ ಕ್ಷಮಾಗುಣ ಬಹಳ ಉಪಕಾರಕ್ಕೆ ಬಂದಿತು. 1966ರಲ್ಲಿ ಬೀಚ್ ಬಾಯ್ಸ್ ಗಾಯಕರ ‘ಪೆಟ್ ಸೌಂಡ್ಸ್’ ಗಾನಮುದ್ರಿಕೆಯ ಹೊದಿಕೆಯ ಮೇಲೆ ಕಾಣಿಸಿದ್ದು ಇದೇ ಅಕ್ಷರ. ಈಜಿಜೆಟ್ ವಿಮಾನಗಳ ಮೈಮೇಲಿನ ಹೆಸರೂ ಇದರಲ್ಲಿಯೇ.

ಹಾಗೆಂದು ಎಲ್ಲ ಕಡೆಗೂ ಇದು ಸಲ್ಲದು. ಮಿಠಾಯಿಗೆ, ಸಾಬೂನಿಗೆ, ಮಕ್ಕಳ ಪುಸ್ತಕದ ಶೀರ್ಷಿಕೆಗೆ ಒಪ್ಪುತ್ತದೆ, ಶ್ರದ್ಧಾಂಜಲಿಗೆ ಒಪ್ಪದು. ಗಾತ್ರ ಕಿರಿದಾದರೆ ಒಳಗಿನ ಬಿಳುಪೆಲ್ಲ ಮಸಿಯಿಂದ ಮುಚ್ಚಿಹೋಗುತ್ತದೆ.

ಈ ಕೊನೆಯ ಅಪಾಯ ಕನ್ನಡದಲ್ಲಿ ಇನ್ನೂ ದೊಡ್ಡದು. ನಮ್ಮ ಲಿಪಿ ಮೊದಲೇ ದುಂಡು. ಆದ್ದರಿಂದ ಇಂಥ ಅಕ್ಷರ ನಮಗೆ ಸುಲಭವೆಂದು ತೋರುವುದು ಸಹಜ. ಆದರೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ನಾವು ಹಲವೆಡೆ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳಿನ ಮೇಲೆ ನಿಲ್ಲಿಸಿದ್ದೇವೆ. ಬೊಜ್ಜು ಬೆಳೆದು ಆ ಸೀಳು ಮುಚ್ಚಿತೋ, ಧನ ಹೋಗಿ ದನ ಉಳಿಯುತ್ತದೆ! ಪಕಾರ ಷಕಾರಗಳ ನಡುವೆ ಇರುವುದೂ ಒಡಲೊಳಗಿನ ಒಂದು ಗೀಟು ಮಾತ್ರ. ಆದಕಾರಣ ಕನ್ನಡದಲ್ಲಿ ದಪ್ಪಕ್ಷರ ರೂಪಿಸುವವನು ತೂಕವನ್ನು ಹೊರಮೈಯ ಕಡೆಗೆ ಬೆಳೆಸಿ, ಸೀಳನ್ನು ಅಗಲವಾಗಿ ತೆರೆದಿಡಬೇಕು. ಒತ್ತಕ್ಷರವನ್ನು ಅದರ ಮೇಲಿನ ಅಕ್ಷರಕ್ಕಿಂತ ಒಂದಿಷ್ಟು ತೆಳುವಾಗಿಯೇ ಬಿಡಬೇಕು.