ಮರಳೂರು: ನಡೆದು ಹೋಗುವಷ್ಟು ದೂರದಲ್ಲೇ ಒಳ್ಳೆಯ ಊಟ

ಶಿರಾಡಿ ಘಾಟಿ ಹತ್ತಿ, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ತುಮಕೂರಿಗೆ ಬರುವ ಕರಾವಳಿಯವರಿಗೆ ನಗರದ ಬಾಗಿಲಲ್ಲೇ ಸಿಗುವ ಬಡಾವಣೆ ಮರಳೂರು. 1979ರಲ್ಲಿ ಶುರುವಾದ ಶ್ರೀ ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜು ಇರುವುದೂ ಇಲ್ಲೇ, ಕುಣಿಗಲ್ ರಸ್ತೆಯಲ್ಲಿ. ಮಗನ ಓದು, ಮನೆಯವರ ಕೆಲಸ, ವ್ಯಾಪಾರ ಅಂತ ಊರು ಬಿಟ್ಟು ಘಟ್ಟದ ಮೇಲೆ ಬಾಡಿಗೆ ಮನೆ ಹಿಡಿಯುವ ನಮ್ಮವರಿಗೆ ಮೊದಲ ತಿಂಗಳು ಕಾಡುವ ಪ್ರಶ್ನೆ ಒಂದೇ: ಮನೆಯಲ್ಲಿ ಅಡುಗೆ ಆಗದ ದಿನ ಇಲ್ಲಿ ಊಟಕ್ಕೆ ಏನು ಮಾಡೋದು?

ಮಕ್ಕಳ ಉತ್ತರ ಕೂಡಲೇ ಬರುತ್ತದೆ, ಮೊಬೈಲ್ ತೆಗೆದು ಆರ್ಡರ್ ಮಾಡೋಣ. ತಪ್ಪೇನಿಲ್ಲ. ಆದರೆ ಮೊಬೈಲ್ ತೋರಿಸುವುದು ಅದರಲ್ಲಿ ಹೆಸರು ಸೇರಿಸಿದ ಹೋಟೆಲುಗಳನ್ನು ಮಾತ್ರ. ಪಕ್ಕದ ಗಲ್ಲಿಯಲ್ಲಿ ಎರಡು ಟೇಬಲ್, ಒಂದು ಒಲೆ ಇಟ್ಟುಕೊಂಡು ಕಳೆದ ತಿಂಗಳಷ್ಟೇ ಬಾಗಿಲು ತೆರೆದವನು ಅದರಲ್ಲಿ ಇರುವುದಿಲ್ಲ. ಇದ್ದರೂ ಬಿಲ್ಲಿನ ಒಂದು ಪಾಲು ಕಮಿಷನ್‌ಗೆ ಹೋಗುತ್ತದೆ. ಅವನನ್ನು ಕಂಡುಹಿಡಿಯಬೇಕಾದರೆ ಚಪ್ಪಲಿ ಹಾಕಿಕೊಂಡು ಹೊರಡಬೇಕು.

ಹದಿನೈದು ನಿಮಿಷ ನಡೆದರೆ ಸುಮಾರು ಒಂದು ಕಿಲೋಮೀಟರ್. ಮನೆಯಿಂದ ನಾಲ್ಕೂ ದಿಕ್ಕಿಗೆ ಅಷ್ಟು ದೂರ, ದಿನಕ್ಕೊಂದು ದಿಕ್ಕಿನಂತೆ ಮಗ್ರಿಬ್ ಆದ ಮೇಲೆ ನಡೆದು ನೋಡಿ. ಕಾಲೇಜಿನ ಎದುರು, ಮಸೀದಿಯ ಗಲ್ಲಿ, ಆಟೋ ನಿಲ್ದಾಣ, ಬಸ್ ನಿಲ್ಲುವ ಜಾಗ, ಹೊಸ ಹೋಟೆಲು ಹುಟ್ಟುವುದು ಇಂಥ ಕಡೆಯಲ್ಲೇ. ಆಟೋದವರು ಎಲ್ಲಿ ನಿಂತು ತಿನ್ನುತ್ತಾರೆ ಅಂತ ನೋಡಿ. ದಿನಾ ಹೊರಗೆ ತಿನ್ನುವವರು ಹೊಟ್ಟೆ ಕೆಡಿಸುವ ಜಾಗಕ್ಕೆ ಎರಡನೇ ಸಲ ಹೋಗುವುದಿಲ್ಲ.

ಏನು ಸಿಗುತ್ತದೆ? ನಮ್ಮ ಮನೆಯ ಪತ್ತಿರ್, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಹುಡುಕಿಕೊಂಡು ಹೊರಟರೆ ಬೇಜಾರಾಗಬಹುದು. ಇಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರ ಮನೆಮಾತು ದಖ್ಖನಿ ಉರ್ದು; ಅವರ ಅಡುಗೆಯ ದಾರಿಯೇ ಬೇರೆ. ಬೆಳಗ್ಗೆ ಇಡ್ಲಿಯ ಜೊತೆ ಕಾಲಿನ ಸೂಪು, ಅಂದರೆ ಪಾಯ. ಮಧ್ಯಾಹ್ನ ಬಿರಿಯಾನಿ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ತುಂಡು ಇಲ್ಲದ ಕುಷ್ಕ. ಕುಷ್ಕ ತಿಂದೇ ಡಿಗ್ರಿ ಮುಗಿಸಿದ ಹುಡುಗರು ಎಷ್ಟೋ ಮಂದಿ. ಇನ್ನು ಮುದ್ದೆ. ಅದನ್ನು ಅಗಿಯದೆ, ಸಾರಿನಲ್ಲಿ ಅದ್ದಿ ನುಂಗಬೇಕು. ನಮ್ಮ ಮಕ್ಕಳಿಗೆ ಮೊದಲ ದಿನ ಗಂಟಲಲ್ಲಿ ಇಳಿಯುವುದಿಲ್ಲ, ನಾಲ್ಕನೇ ದಿನ ಅವರೇ ಕೇಳುತ್ತಾರೆ. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರಕ್ಕೆ ಹೋಗಬೇಕಾದರೆ ವಾಹನ ಬೇಕು, ಆದರೆ ತುಮಕೂರಿನ ಗಲ್ಲಿಗಳಲ್ಲೂ ಬೆಳಗ್ಗೆ ತಟ್ಟೆ ಇಡ್ಲಿಯ ಹಬೆ ಏಳುತ್ತದೆ. ತೆಂಗಿಗಂತೂ ಕೊರತೆಯಿಲ್ಲ, ಕಲ್ಪತರು ನಾಡು ಅಂತಲೇ ಹೆಸರು. ಚಟ್ನಿಯ ರುಚಿಯಲ್ಲಿ ಊರು ನೆನಪಾದರೆ ಆಶ್ಚರ್ಯ ಬೇಡ.

ಒಳಗೆ ಹೋದ ಮೇಲೆ ನೋಡಬೇಕಾದ್ದು ನಾಲ್ಕೈದು ಸಂಗತಿ. ಗೋಡೆ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್ಎಸ್ಎಸ್ಎಐನ 14 ಅಂಕಿಯ ಸಂಖ್ಯೆ ಇದೆಯಾ? ಸಣ್ಣ ಹೋಟೆಲಿಗೂ ನೋಂದಣಿ ಬೇಕು, ಸಂಖ್ಯೆಯನ್ನು ಗಿರಾಕಿಗೆ ಕಾಣುವಂತೆ ಹಾಕಬೇಕು. ಕಬಾಬ್ ಕರಿಯುವ ಎಣ್ಣೆ ಕಪ್ಪಾಗಿ ನೊರೆ ಬರುತ್ತಿದೆಯಾ? ಹಾಗಿದ್ದರೆ ಅದು ಹಲವು ಸಲ ಕಾದ ಎಣ್ಣೆ. ಮಾಂಸ ಎಲ್ಲಿಂದ ತರುತ್ತೀರಿ ಅಂತ ಕೇಳಿ. ಹಲಾಲ್ ಅಂಗಡಿಯಿಂದ ತರುವವನು ಅಂಗಡಿಯ ಹೆಸರು ಹೇಳಲು ಹಿಂಜರಿಯುವುದಿಲ್ಲ. ಪಟ್ಟಿ ಚಿಕ್ಕದಾಗಿದ್ದರೆ ಒಳ್ಳೆಯದು. ನಾಲ್ಕೇ ಐಟಂ ಮಾಡಿ ಮಧ್ಯಾಹ್ನ ಎರಡು ಗಂಟೆಗೆ "ಖಾಲಿ" ಅನ್ನುವ ಕಡೆ ನಿನ್ನೆಯದು ಇವತ್ತು ತಟ್ಟೆಗೆ ಬರುವುದು ಕಡಿಮೆ.

ಇನ್ನೊಂದು ಮಾತು ಮನೆಯ ಹೆಂಗಸರದು. ದೂರದ ದೊಡ್ಡ ಹೋಟೆಲಿಗೆ ಹೋಗಬೇಕಾದರೆ ಗಂಡಸರ ಬಿಡುವು, ಗಾಡಿ, ರಜೆ ಎಲ್ಲ ಕೂಡಿ ಬರಬೇಕು. ಹತ್ತಿರದಲ್ಲಿ ಫ್ಯಾಮಿಲಿಗೆ ಕೂರಲು ಒಂದು ಮೂಲೆ ಇರುವ ಹೋಟೆಲು ಇದ್ದರೆ ಮೊಣಕಾಲು ನೋವಿನ ಉಮ್ಮನೂ ಮೊಮ್ಮಗಳ ಕೈ ಹಿಡಿದು ಹೋಗಿ ಒಂದು ಸುಲೈಮಾನಿ ಕುಡಿದು ಬರಬಹುದು. ಹೊಸ ಊರಲ್ಲಿ ನಾಲ್ಕು ಗೋಡೆಯ ನಡುವೆ ದಿನ ಕಳೆಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಪಕ್ಕದ ಮನೆಯವರ ಪರಿಚಯ ಆಗುವುದು, ಒಳ್ಳೆಯ ಟ್ಯೂಷನ್ ಎಲ್ಲಿ, ರಾತ್ರಿ ತೆರೆದಿರುವ ಔಷಧಿ ಅಂಗಡಿ ಯಾವುದು ಅಂತ ತಿಳಿಯುವುದು ಇಂಥ ಕಡೆಯಲ್ಲೇ.

ಆದರೆ ಹೋಟೆಲು ಉಳಿದರೆ ತಾನೇ? ಕಟ್ಟಡದ ಅಡ್ವಾನ್ಸ್, ಪಾತ್ರೆ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್, ಕೆಲಸದವರ ಸಂಬಳ ಇವೆಲ್ಲ ಮೊದಲ ದಿನದಿಂದಲೇ ಬಾಯಿ ತೆರೆದು ಕೂತಿರುತ್ತವೆ. ಗಿರಾಕಿ ಮಾತ್ರ ನಿಧಾನಕ್ಕೆ ಬರುತ್ತಾನೆ. ರುಚಿ ಇದ್ದೂ ಆರು ತಿಂಗಳಲ್ಲಿ ಶಟರ್ ಎಳೆದರೆ ಹಿಂದೆ ಉಳಿಯುವುದು ಒಂದು ಮನೆಯ ಸಾಲ. ಅಕ್ಕಪಕ್ಕದ ಹತ್ತು ಮನೆಯವರು ವಾರಕ್ಕೊಮ್ಮೆ ಹೋದರೆ ತಿಂಗಳಿಗೆ ನಲವತ್ತು ಸಲದ ವ್ಯಾಪಾರ. ಸಣ್ಣ ಹೋಟೆಲಿಗೆ ಅದು ಉಸಿರು. ಉಪ್ಪು ಹೆಚ್ಚಾಗಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕುವ ಮೊದಲು ಮಾಡಿದವನಿಗೇ ಮೆತ್ತಗೆ ಹೇಳಿ, "ಭಾಯ್, ಇವತ್ತು ಉಪ್ಪು ಸ್ವಲ್ಪ ಜಾಸ್ತಿ." ಪರಿಚಯದವರು ಅಂತ ಸಾಲ ಹೇಳಬೇಡಿ.

ಈ ಲೆಕ್ಕ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಕಲ್ತಪ್ಪ, ಪತ್ತಿರ್ ಚೆನ್ನಾಗಿ ಮಾಡುವ ಕೈಗಳು ಘಟ್ಟದ ಮೇಲಿನ ನಮ್ಮ ಅಡುಗೆಮನೆಗಳಲ್ಲೂ ಇವೆ, ತಿನ್ನಲು ಕಾಯುವ ಹಾಸ್ಟೆಲ್ ಹುಡುಗರೂ ಇದ್ದಾರೆ. ನೋಂದಣಿ ಮಾಡಿಸಿಕೊಂಡು ಮನೆಯಿಂದಲೇ ಮೊದಲು ಹತ್ತು ಪ್ಲೇಟು ಮಾಡಿ ನೋಡಬಹುದು. ಆಗ ಮರಳೂರಿನ ಯಾರೋ ಒಬ್ಬರು ನಡೆದು ಬಂದು "ಇದೇನು ಹೊಸ ತಿಂಡಿ?" ಅಂತ ಕೇಳುವ ಬಾಗಿಲು ನಿಮ್ಮದೇ ಆಗಿರಬಹುದು.