ಪತ್ರಿಕೆಯಲ್ಲಿ ಬಂದ ವೈದ್ಯರು

ನಮ್ಮ ಮನೆಗಳಲ್ಲಿ ಒಂದು ರೂಢಿಯುಂಟು. ಪತ್ರಿಕೆಯಲ್ಲಿ ನಾಟಿವೈದ್ಯರೊಬ್ಬರ ವಿಷಯ ಬಂದರೆ ಆ ತುಣುಕನ್ನು ಕತ್ತರಿಸಿ ಪಂಚಾಂಗದ ನಡುವೆ ಇರಿಸುತ್ತೇವೆ. ಇಂದಲ್ಲ ನಾಳೆ ಯಾರಿಗಾದರೂ ಬೇಕಾದೀತೆಂಬ ಎಣಿಕೆ. ಈಗ ತುಣುಕಿನ ಬದಲು ಮೊಬೈಲಿಗೆ ಚಿತ್ರ ಬರುತ್ತದೆ. ರೂಢಿ ಮಾತ್ರ ಅದೇ. ಅಂಥದೊಂದು ಬರಹವನ್ನು ನಾವೂ ಬರೆದವರೇ ಆದುದರಿಂದ ಆ ಕಥೆಯನ್ನು ಮೊದಲು ಹೇಳಿಬಿಡುವುದು ಲೇಸು.

ಮಡಕಶಿರ ಸೀಮೆಯ ಒಂದು ಹಳ್ಳಿಯಲ್ಲಿ ಕಾಮಾಲೆಗೆ ಔಷಧಿ ಕೊಡುವ ಹಿರಿಯರೊಬ್ಬರಿದ್ದರು. ಭಾನುವಾರ ಮತ್ತು ಗುರುವಾರ, ಹೊತ್ತು ಹುಟ್ಟುವ ಮುನ್ನ ಬರಿಹೊಟ್ಟೆಯಲ್ಲಿ ಬಂದವರಿಗೆ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದರು. ಹಣ ಮುಟ್ಟುತ್ತಿರಲಿಲ್ಲ, ಎಲೆಯಡಿಕೆಯಷ್ಟೇ ದಕ್ಷಿಣೆ. ಎಂಟು ಹತ್ತು ಜನ ಬಂದರೆ ಹೆಚ್ಚು. ಕೆಲವು ವರ್ಷಗಳ ಹಿಂದೆ ನಾವು ಅವರ ಜಗಲಿಯಲ್ಲಿ ಒಂದು ಬೆಳಗ್ಗೆ ಕುಳಿತು, ಕಂಡುದನ್ನು ಸ್ಥಳೀಯ ಪತ್ರಿಕೆಯೊಂದಕ್ಕೆ ಬರೆದು ಕಳುಹಿಸಿದೆವು. ನಾವು ಬರೆದುದು ಕಾಮಾಲೆಯ ವಿಷಯ. ಅಚ್ಚಾದ ತಲೆಬರಹದಲ್ಲಿ ‘ಸಕಲ ರೋಗ’ ಎಂಬ ಮಾತು ಸೇರಿಕೊಂಡಿತ್ತು. ತಪ್ಪು ಪತ್ರಿಕೆಯದೊಂದೇ ಅಲ್ಲ. ಆ ಬೆಳಗ್ಗೆ ಅವರು ಇಬ್ಬರನ್ನು “ಇದು ನನ್ನ ಕೈಲಿ ಆಗೋದಲ್ಲ” ಎಂದು ಹಿಂದೂಪುರದ ಆಸ್ಪತ್ರೆಗೆ ಕಳುಹಿಸಿದುದನ್ನು ನಾವು ಕಣ್ಣಾರೆ ಕಂಡಿದ್ದೆವು. ಕಥೆ ಸಪ್ಪೆಯಾದೀತೆಂದು ಅದನ್ನು ಬಿಟ್ಟಿದ್ದೆವು.

ತಿಂಗಳೊಳಗೆ ಪಾವಗಡ, ಶಿರಾ, ಹಿಂದೂಪುರಗಳಿಂದ ಜನ ಬರತೊಡಗಿದರು. ಸಕ್ಕರೆ ಕಾಯಿಲೆಯವರು, ಪಾರ್ಶ್ವವಾಯು ಬಡಿದವರು, ಮೂರ್ಛೆರೋಗದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು. ವಾರದ ಎರಡು ದಿನ ಏಳೂ ದಿನವಾಯಿತು. ಹಿರಿಯರು ಇಲ್ಲವೆಂದರೂ ಜನ ಒಪ್ಪರು; ಪತ್ರಿಕೆಯನ್ನೇ ಅವರ ಮುಂದೆ ಹಿಡಿಯುವರು. ಅಲ್ಲಿಗೆ ಹೊರಡುವ ಮೊದಲೇ ಇನ್ಸುಲಿನ್ ನಿಲ್ಲಿಸಿ ಬಂದಿದ್ದ ಒಬ್ಬರು ಅಂಗಳದಲ್ಲಿಯೇ ಪ್ರಜ್ಞೆ ತಪ್ಪಿ ಬಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದುದರಿಂದ ಜೀವ ಉಳಿಯಿತು. ಆ ಸಂಜೆ ಹಿರಿಯರು ನಮ್ಮ ಮನೆಗೆ ಬಂದು, ನೀರನ್ನೂ ಕುಡಿಯದೆ ಹೇಳಿದರು: “ಸ್ವಾಮೀ, ನೀವು ಬರೆದಿದ್ದು ಚೆನ್ನಾಗೈತೆ. ನಂಗೆ ಬರೋದು ಕಾಮಾಲೆ ಒಂದೇ. ಅದನ್ನೂ ಬರೀರಿ.”

ಕಾಮಾಲೆಯವರಿಗೇ ಇಂಥ ಕೀರ್ತಿ ಬರುವುದೇಕೆಂದು ಅನಂತರ ವಿಚಾರಿಸಿದೆವು. ಕೊಳೆಯಾದ ನೀರಿನಿಂದ ಬರುವ ಕಾಮಾಲೆ ಬಹುಮಂದಿಯಲ್ಲಿ ವಿಶ್ರಾಂತಿ, ಪಥ್ಯಗಳಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವೇಳೆಗೆ ಯಾರ ಔಷಧಿ ಹೊಟ್ಟೆಯಲ್ಲಿತ್ತೋ ಅವರಿಗೆ ಹೆಸರು. ಆದರೆ ಪಿತ್ತನಾಳಕ್ಕೆ ಕಲ್ಲು ಅಡ್ಡವಾದರೂ, ಗಂತಿ ಬೆಳೆದರೂ ಕಣ್ಣು ಅದೇ ಹಳದಿ. ನೀರಿನಿಂದ ಬರುವುದರಲ್ಲಿಯೇ ಹೆಪಟೈಟಿಸ್ ‘ಇ’ ಎಂಬುದು ಗರ್ಭಿಣಿಯರಿಗೆ ಪ್ರಾಣಾಪಾಯ ತರಬಲ್ಲುದು. ಹಾವಿನ ಮದ್ದಿನ ಕಥೆಯೂ ಇಂಥದೇ: ಕಚ್ಚಿದ ಹಾವು ಅನೇಕ ವೇಳೆ ವಿಷದ್ದಾಗಿರುವುದಿಲ್ಲ, ವಿಷದ ಹಾವೂ ಒಮ್ಮೊಮ್ಮೆ ವಿಷವಿಳಿಸದೆ ಕಚ್ಚುತ್ತದೆ. ಗುಣವಾದವರು ತೆಂಗಿನಕಾಯಿ ಹಿಡಿದು ಮರಳಿ ಬರುತ್ತಾರೆ. ಪತ್ರಿಕೆಯವರಿಗೆ ಸಿಗುವವರೂ ಅವರೇ. ಗುಣವಾಗದವರು ಮರಳಿ ಬರುವುದಿಲ್ಲ.

ನಮ್ಮ ಹಳ್ಳಿಯಲ್ಲಿ ಸಣ್ಣದಾಗಿ ನಡೆದುದು ಅದೇ ಆಂಧ್ರದ ಕರಾವಳಿಯಲ್ಲಿ 2021ರ ಮೇ ತಿಂಗಳಲ್ಲಿ ಬಹು ದೊಡ್ಡದಾಗಿ ನಡೆಯಿತು. ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಟಣದಲ್ಲಿ ಬೋನಿಗಿ ಆನಂದಯ್ಯನವರು ಕೋವಿಡಿಗೆ ಮೂಲಿಕೆಯ ಔಷಧಿಯನ್ನು ಧರ್ಮಾರ್ಥವಾಗಿ ಹಂಚುತ್ತಿದ್ದರು. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲದ, ಆಮ್ಲಜನಕವಿಲ್ಲದ ದಿನಗಳವು. ಕಣ್ಣಿಗೆ ಹನಿ ಹಾಕಿದೊಡನೆ ಉಸಿರಾಟ ಸುಧಾರಿಸಿತೆಂದು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಹೇಳುವ ದೃಶ್ಯ ಮನೆಮನೆಗೂ ತಲುಪಿತು. ಮೇ 21ರಂದು ಸಾವಿರಾರು ಜನ ಆ ಚಿಕ್ಕ ಊರಿಗೆ ನುಗ್ಗಿದರು. ಸೋಂಕಿತರೂ ಸೋಂಕಿಲ್ಲದವರೂ ಒಂದೇ ಸಾಲಿನಲ್ಲಿ. ಸರಕಾರ ಹಂಚಿಕೆಯನ್ನು ತಡೆದು ಪರಿಶೀಲನೆ ನಡೆಸಿತು. ಹಾನಿ ಕಾಣಲಿಲ್ಲವೆಂದರು, ಗುಣಕಾರಿ ಎಂಬುದಕ್ಕೆ ಆಧಾರ ದೊರೆಯಲಿಲ್ಲ. ಮೇ 31ರಂದು ಕಣ್ಣಿನ ಹನಿಯನ್ನು ಹೊರಗಿಟ್ಟು ಉಳಿದವುಗಳ ಹಂಚಿಕೆಗೆ ಅನುಮತಿ ಬಂದಿತು. ಅದೇ ದಿನ ಆ ಮುಖ್ಯೋಪಾಧ್ಯಾಯರು ನೆಲ್ಲೂರಿನ ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಚೇತರಿಸಿಕೊಂಡ ದೃಶ್ಯ ಓಡಾಡಿದಷ್ಟು ದೂರ ಈ ಸುದ್ದಿ ಓಡಾಡಲಿಲ್ಲ. ಆನಂದಯ್ಯನವರು ಹಣಕ್ಕಾಗಿ ಮಾಡಿದರೆಂದು ಹೇಳುವಂತಿಲ್ಲ. ಹಣ ಬೇಡದವರೆಂಬುದರಿಂದಲೇ ಜನರ ನಂಬಿಕೆ ಇಮ್ಮಡಿಸಿತು.

ಪ್ರಚಾರವಾದ ಹೆಸರು ಒಡೆಯನ ಕೈಯಲ್ಲಿ ಉಳಿಯುವುದೂ ಇಲ್ಲ. ಎಲುಬು ಕಟ್ಟುವುದಕ್ಕೆ ಹೆಸರಾದ ಪುತ್ತೂರು ಆಂಧ್ರದ್ದು (ಕಾಸರಗೋಡಿನ ಓದುಗರು ತಮ್ಮ ನೆರೆಯ ಪುತ್ತೂರೆಂದು ತಿಳಿಯದಿರಲಿ). ಇಂದು ‘ಪುತ್ತೂರು ಕಟ್ಟು’ ಎಂಬ ಹಲಗೆಗಳು ಹೊಸೂರು, ಬೆಂಗಳೂರುಗಳ ಬೀದಿಬೀದಿಯಲ್ಲಿವೆ. ಅವರೆಲ್ಲರೂ ಆ ಊರಿನ ಮನೆತನದವರೆಂದು ನಂಬುವುದು ಕಷ್ಟ.

ಕಾನೂನೇನೋ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯಂತೆ ಅರ್ಬುದ, ಮಧುಮೇಹ, ಮೂರ್ಛೆರೋಗ ಮೊದಲಾದವನ್ನು ವಾಸಿಮಾಡುವೆನೆಂದು ಜಾಹೀರಾತು ಕೊಡಕೂಡದು. ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ, ಮಾನ್ಯ ಶಿಕ್ಷಣವೂ ನೋಂದಣಿಯೂ ಇಲ್ಲದವರು ವೈದ್ಯವೃತ್ತಿ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಆದರೆ ಜಾಹೀರಾತಿನಲ್ಲಿ ಅಚ್ಚಿಸಲು ಅಂಜುವ ಮಾತನ್ನೇ ನಮ್ಮಂಥವರು ಸುದ್ದಿಯ ರೂಪದಲ್ಲಿ, ಕಾಸಿಲ್ಲದೆ ಬರೆದುಕೊಡುತ್ತೇವೆ.

ಹಿರಿಯರ ಮಾತಿನಂತೆ ಅದೇ ಪತ್ರಿಕೆಗೆ ಎರಡನೆಯ ಬರಹ ಕಳುಹಿಸಿದೆವು. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದಿತು. ಹಿರಿಯರು ಈಗಿಲ್ಲ. ಕಳೆದ ಯುಗಾದಿಗೆ ಆ ಮನೆಗೆ ಹೋಗಿದ್ದಾಗ ಮೊದಲ ಬರಹ ಗಾಜಿನ ಚೌಕಟ್ಟಿನಲ್ಲಿ ಅವರ ಪಟದ ಪಕ್ಕದಲ್ಲಿಯೇ ಇತ್ತು. ನಾಲ್ಕು ಸಾಲಿನ ತುಣುಕಿನ ವಿಷಯ ಕೇಳಿದೆವು. ಅಂಥದೊಂದು ಬಂದಿತ್ತೆಂಬುದೇ ಮಗನಿಗೆ ತಿಳಿದಿರಲಿಲ್ಲ. ಜಗಲಿಯಲ್ಲಿ ಶಿರಾ ಕಡೆಯ ಒಂದು ಕುಟುಂಬ ಕಾದು ಕುಳಿತಿತ್ತು.